ಬಾಡಿಗೆಯ ಕಟ್ಟು ಸಡಿಲಿದ ಬಗೆ: ಮುಂಬಯಿಯ ಹಳೆಯ ಓಣಿಗಳ ಚರಿತ್ರೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಿಗೆ ಮುಂಬಯಿಯು ರಾಜ್ಯದ ರಾಜಧಾನಿ ಮಾತ್ರವಲ್ಲ. ಮಳೆಯಾಗದ ವರುಷಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದ ನಮ್ಮ ಹಿರಿಯರಲ್ಲಿ ಅನೇಕರು ಅಲ್ಲಿಯ ಹತ್ತಿಯ ಗಿರಣಿಗಳಲ್ಲಿ ಅನ್ನವನ್ನು ಕಂಡರು. ಚಾಳಿನ ಒಂದು ಖೋಲಿಯಲ್ಲಿ ಸಂಸಾರವನ್ನು ಹೂಡಿದರು. ಊರಿನಿಂದ ಕೆಲಸ ಹುಡುಕಿಕೊಂಡು ಹೋದ ಹುಡುಗನಿಗೆ ಆ ಖೋಲಿಯೇ ಧರ್ಮಛತ್ರವಾಗುತ್ತಿದ್ದಿತು. ಆ ಖೋಲಿಯ ಬಾಡಿಗೆಯು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಏರದೆ ನಿಂತುದು ಹೇಗೆ, ಹಾಗೆ ನಿಂತುದರಿಂದ ಆದ ಹಿತಾಹಿತಗಳೇನು, ಕಟ್ಟು ಸಡಿಲಿದ ತರುವಾಯ ಆ ಓಣಿಗಳ ಪಾಡೇನಾಯಿತು ಎಂಬುದನ್ನು ಈ ಲೇಖನದಲ್ಲಿ ವಾಚಕರ ಮುಂದಿಡಲು ಯತ್ನಿಸಿದ್ದೇವೆ. ಸೊಲ್ಲಾಪುರದ ಹಳೆಯ ಪೇಟೆಗಳ ಬಾಡಿಗೆಯ ಮನೆಗಳಿಗೂ ಅನ್ವಯಿಸುವುದು ಅದೇ ಕಾಯಿದೆಯಾದುದರಿಂದ ಇದು ಪರರ ಮನೆಯ ಮಾತಲ್ಲ.

ಮುಂಬಯಿಯಲ್ಲಿ ವಸತಿಯ ಅಭಾವವು ಹೊಸದಲ್ಲ. ೧೮೯೬ರಲ್ಲಿ ಮಾಂಡವಿ ಭಾಗದಲ್ಲಿ ತಲೆದೋರಿದ ಪ್ಲೇಗು ಇಕ್ಕಟ್ಟಾದ ಮನೆಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿದಾಗ ಸರಕಾರದವರ ಕಣ್ಣು ತೆರೆಯಿತು. ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ೧೯೨೦ರಲ್ಲಿ ಹುಟ್ಟಿದ ಮುಂಬಯಿ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ, ಡಿಲಾಯಲ್ ರಸ್ತೆ, ಶಿವಡಿ ಈ ನಾಲ್ಕೆಡೆ ಕೂಲಿಕಾರರಿಗಾಗಿ ಚಾಳುಗಳನ್ನು ಕಟ್ಟಿಸಿತು. ಜನರು ಇಂದಿಗೂ ಅವನ್ನು ಬಿ.ಡಿ.ಡಿ. ಚಾಳುಗಳೆಂದೇ ಕರೆಯುವರು. ಒಂದೊಂದು ಖೋಲಿಯು ಸುಮಾರು ೧೬೦ ಚದರ ಅಡಿ. ಶೌಚಗೃಹವು ಅಂತಸ್ತಿನವರಿಗೆಲ್ಲ ಸಾಮಾನ್ಯ. ಆದರೆ ಖಾಸಗಿ ಮಾಲಿಕರು ಕಟ್ಟಿಸಿದ ಚಾಳುಗಳೇ ಸಂಖ್ಯೆಯಲ್ಲಿ ಅಧಿಕ. ಗಿರಗಾಂವ, ಭುಲೇಶ್ವರ, ಲಾಲಬಾಗ, ಪರಳ ಮೊದಲಾದ ಕಡೆಗಳಲ್ಲಿ ಚಾಳು ಕಟ್ಟಿಸಿ ಬಾಡಿಗೆಯನ್ನು ಎತ್ತುವುದು ಸಾಹುಕಾರರಿಗೆ ಲಾಭದಾಯಕವಾದ ವ್ಯವಹಾರವಾಗಿದ್ದಿತು.

ಬಾಡಿಗೆಗೆ ಕಡಿವಾಣ ಹಾಕಿದುದು ಯುದ್ಧದ ಕಾಲ. ಒಂದನೆಯ ಮಹಾಯುದ್ಧದ ಕೊನೆಗೆ, ೧೯೧೮ರಲ್ಲಿ, ಮೊದಲನೆಯ ಬಾಡಿಗೆ ಕಾಯಿದೆ ಬಂದಿತು. ಕೆಲಕಾಲ ನಡೆದು ತೀರಿತು. ಎರಡನೆಯ ಮಹಾಯುದ್ಧವು ಮೊದಲಾದೊಡನೆ ೧೯೩೯ರಲ್ಲಿ ಮತ್ತೊಂದು, ೧೯೪೪ರಲ್ಲಿ ಮಗುದೊಂದು ಬಂದವು. ಇವೆರಡನ್ನೂ ಒಳಗೊಂಡು ಹುಟ್ಟಿದುದೇ ೧೯೪೭ರ ಮುಂಬಯಿ ಬಾಡಿಗೆ ಕಾಯಿದೆ. ೧೯೪೮ನೆಯ ಫೆಬ್ರುವರಿ ೧೩ರಿಂದ ಇದು ಜಾರಿಗೆ ಬಂದಿತು. ಇದರ ಸಾರವು ಸರಳ. ೧೯೪೦ನೆಯ ಸಪ್ಟೆಂಬರ ೧ರಂದು ಮನೆಗೆ ಯಾವ ಬಾಡಿಗೆಯಿದ್ದಿತೋ ಅದೇ ಅದರ ಪ್ರಮಾಣ ಬಾಡಿಗೆ. ಅದಕ್ಕಿಂತ ಹೆಚ್ಚು ಕೇಳಕೂಡದು. ಬಾಡಿಗೆಯನ್ನು ತಪ್ಪದೆ ಕೊಡುವವನನ್ನು, ಕಾಯಿದೆಯಲ್ಲಿ ಹೇಳಿದ ಕಾರಣಗಳಿಲ್ಲದೆ, ಹೊರಗೆ ಹಾಕಕೂಡದು. ದೇಶ ವಿಭಜನೆಯಿಂದ ನಿರಾಶ್ರಿತರು ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದ ಆ ದಿನಗಳಲ್ಲಿ ಇಂಥದೊಂದು ಕಟ್ಟಳೆ ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆಗಿನ ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರದೊಡನೆ ಧಾರವಾಡ, ಬೆಳಗಾವಿ, ವಿಜಾಪುರಗಳೂ ಸೇರಿದ್ದವು. ೧೯೫೬ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು; ಅಲ್ಲಿಗೆ ೧೯೬೧ರಲ್ಲಿ ಬೇರೆ ಕಾಯಿದೆಯಾಯಿತು. ನಾವು ಮಾತ್ರ ಹಳೆಯ ಕಾಯಿದೆಯೊಡನೆ ಇಲ್ಲಿಯೇ ಉಳಿದೆವು.

ತಾತ್ಕಾಲಿಕವೆಂದು ಬಂದ ಈ ಕಾಯಿದೆಯ ಅವಧಿಯನ್ನು ಸರಕಾರವು ಮತ್ತೆ ಮತ್ತೆ ವಿಸ್ತರಿಸುತ್ತ ನಡೆಯಿತು. ಬಾಡಿಗೆದಾರರು ಬಹುಸಂಖ್ಯರು, ಮಾಲಿಕರು ಅಲ್ಪಸಂಖ್ಯರು. ಮತದ ಪೆಟ್ಟಿಗೆಯ ಗಣಿತವನ್ನು ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನಿಂತ ಬಾಡಿಗೆಯ ನೆರಳಿನಲ್ಲಿ ಬೆಳೆದ ಜೀವನವನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡುದುಂಟು. ನಮ್ಮ ಸೋದರಮಾವನವರು ಅಕ್ಕಲಕೋಟೆ ತಾಲೂಕಿನಿಂದ ಹೋಗಿ ಗಿರಣಿಯಲ್ಲಿ ಸಾಂಚೆ ನಡೆಸುತ್ತಿದ್ದವರು. ಲಾಲಬಾಗದ ಒಂದು ಚಾಳಿನ ಎರಡನೆಯ ಅಂತಸ್ತಿನಲ್ಲಿ ಅವರ ಖೋಲಿ. ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಬಾಡಿಗೆ ತಿಂಗಳಿಗೆ ಹದಿನೆಂಟು ರೂಪಾಯಿ. ಒಳಗೆ ಏಳು ಜನ. ಬೇಸಿಗೆಯ ರಜೆಗೆ ನಾವು ಹೋದರೆ ಒಂಬತ್ತು. ಗಂಡಸರು ಉದ್ದನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುವರು. ಅತ್ತೆಯವರು ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ಪಕ್ಕದ ಕೊಂಕಣಿಗರ ಹುಡುಗರು ಬಾಗಿಲಿಗೆ ಬಂದು ನಿಲ್ಲುವರು. ಅವರ ಮನೆಯ ಮೀನಿನ ವಾಸನೆಗೆ ನಮ್ಮ ಅತ್ತೆಯವರು ಮೂಗು ಮುಚ್ಚಿಕೊಂಡರೂ ಜಗಳವೆಂಬುದನ್ನು ನಾವು ನೋಡಲಿಲ್ಲ. ನೀರಿನ ನಲ್ಲಿಯ ಮುಂದೆ ಆಗುತ್ತಿದ್ದ ಜಗಳದ ಮಾತು ಬೇರೆ.

೧೯೮೨ನೆಯ ಜನವರಿ ೧೮ರಂದು ದತ್ತಾ ಸಾಮಂತರ ಮುಖಂಡತ್ವದಲ್ಲಿ ಗಿರಣಿಗಳ ಮುಷ್ಕರವು ಪ್ರಾರಂಭವಾಯಿತು. ಎರಡು ಲಕ್ಷಕ್ಕೂ ಮಿಕ್ಕಿ ಕೆಲಸಗಾರರು ಹೊರಬಂದರು. ಅವರಲ್ಲಿ ಬಹು ಜನ ಮತ್ತೆ ಸಾಂಚೆಯ ಮುಂದೆ ನಿಲ್ಲಲೇ ಇಲ್ಲ. ಮಾವನವರ ಕೆಲಸವೂ ಹೋಯಿತು. ತರುವಾಯ ಅವರು ಕಾವಲುಗಾರರಾಗಿ ದುಡಿದರು. ಗಿರಣಿ ನಿಂತ ಮೇಲೂ ಆ ಸಂಸಾರವು ಮುಂಬಯಿಯಲ್ಲಿ ನಿಂತುದು ಆ ಹದಿನೆಂಟು ರೂಪಾಯಿಯ ಬಲದ ಮೇಲೆ. ಸಂಬಳವಿಲ್ಲದ ಮನೆಗೆ ಏರುವ ಬಾಡಿಗೆಯೂ ಇದ್ದಿದ್ದರೆ ೧೯೮೩ರಲ್ಲಿಯೇ ಲಾಲಬಾಗವು ಬರಿದಾಗುತ್ತಿದ್ದಿತು. ಬಾಡಿಗೆ ನಿಯಂತ್ರಣವನ್ನು ಹಳಿಯುವ ವಿದ್ವಾಂಸರು ಈ ಅಂಶವನ್ನು ತಮ್ಮ ಲೆಕ್ಕದಲ್ಲಿ ಹಿಡಿದಂತೆ ಕಾಣುವುದಿಲ್ಲ.

ಆದರೆ ಅದೇ ಚಾಳಿನ ಮೆಟ್ಟಿಲುಗಳನ್ನು ಏರುವಾಗ ಅತ್ತೆಯವರು ನಮ್ಮ ಕೈ ಹಿಡಿದು ಗೋಡೆಯ ಬದಿಗೆ ನಡೆಸುತ್ತಿದ್ದರು. ಕಟಾಂಜನದ ಕಟ್ಟಿಗೆಗೆ ಗೆದ್ದಲು ಹತ್ತಿದ್ದಿತು. ಮಳೆಗಾಲದಲ್ಲಿ ಮೇಲ್ಛಾವಣಿಗೆ ಟಾರ್ಪಾಲು ಹೊದಿಸಬೇಕಾಗುತ್ತಿದ್ದಿತು. ಮಾಲಿಕನನ್ನು ನಿಂದಿಸುವುದು ಸುಲಭ. ಒಂದು ಅಂತಸ್ತಿನ ಖೋಲಿಗಳೆಲ್ಲ ಕೂಡಿ ತಿಂಗಳಿಗೆ ಕೊಡುವ ಬಾಡಿಗೆಯು ಒಬ್ಬ ಗವಂಡಿಯ ಕೆಲವೇ ದಿನಗಳ ಕೂಲಿಗೆ ಸಮನಾದಾಗ ಯಾವ ಮಾಲಿಕನು ತನ್ನ ಗಂಟಿನಿಂದ ತೊಲೆಗಳನ್ನು ಬದಲಾಯಿಸುವನು? ಕಾಯಿದೆಯು ಬಾಡಿಗೆಯನ್ನು ತಡೆದು ನಿಲ್ಲಿಸಿತಲ್ಲದೆ ಸುಣ್ಣ, ಸಿಮೆಂಟು, ಕಬ್ಬಿಣಗಳ ಬೆಲೆಯನ್ನು ತಡೆಯಲಿಲ್ಲ.

ಇದರಿಂದ ಹುಟ್ಟಿದ ಪದ್ಧತಿಯೇ ಪಗಡಿ. ಹೊಸದಾಗಿ ಬರುವ ಬಾಡಿಗೆದಾರನು ಮಾಲಿಕನಿಗೆ, ಅಥವಾ ಬಿಟ್ಟು ಹೋಗುವ ಬಾಡಿಗೆದಾರನಿಗೆ, ಒಂದು ದೊಡ್ಡ ಮೊತ್ತವನ್ನು ಕೈಯಲ್ಲಿ ಕೊಡುವನು; ರಸೀದಿ ಮಾತ್ರ ಹದಿನೆಂಟು ರೂಪಾಯಿಗೆ. ಕಾಯಿದೆಯ ಪ್ರಕಾರ ಇದು ಅಪರಾಧ, ವ್ಯವಹಾರದಲ್ಲಿ ಇದೇ ರೂಢಿ. ಪಗಡಿ ಕೊಟ್ಟು ಬಂದವನು ತಾನು ಅರ್ಧ ಮಾಲಿಕನೆಂದೇ ಎಣಿಸುವನು. ಹೀಗಾಗಿ ಮುಂಬಯಿಯ ಹಳೆಯ ಮನೆಗಳಿಗೆ ಇಬ್ಬರು ಒಡೆಯರಾದರು; ದುರಸ್ತಿಗೆ ಮಾತ್ರ ಒಬ್ಬನೂ ಇಲ್ಲ.

ಮಳೆಗಾಲ ಬಂದಿತೆಂದರೆ ಮನೆಗಳು ಕುಸಿಯುವ ಸುದ್ದಿ ಬರತೊಡಗಿತು. ೧೯೬೯ರಲ್ಲಿ ಮಹಾರಾಷ್ಟ್ರ ಸರಕಾರವು ಕಟ್ಟಡಗಳ ದುರಸ್ತಿ ಹಾಗೂ ಪುನರ್ನಿರ್ಮಾಣಕ್ಕಾಗಿ ಒಂದು ಮಂಡಳಿಯನ್ನು ಸ್ಥಾಪಿಸುವ ಕಾಯಿದೆಯನ್ನು ಮಾಡಿ, ದ್ವೀಪನಗರದ ಹಳೆಯ ಕಟ್ಟಡಗಳ ಮೇಲೆ ಸೆಸ್ಸು ಎಂಬ ಕರವನ್ನು ವಿಧಿಸಿತು. ಆಗ ಆ ಪಟ್ಟಿಯಲ್ಲಿ ಸೇರಿದ ಕಟ್ಟಡಗಳು ೧೯,೬೪೨. ಅವುಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ೧೯೪೦ಕ್ಕಿಂತ ಹಿಂದಿನವು. ಕರವು ಸಾಲದು, ಕಟ್ಟಡಗಳು ಅಸಂಖ್ಯ. ಮಂಡಳಿಯು ಬಿದ್ದುದಕ್ಕೆ ಊರೆ ಕೊಡುತ್ತ ಕಾಲ ಕಳೆಯಬೇಕಾಯಿತು. ಈ ವ್ಯಾಧಿಯು ನಮ್ಮ ಕಾಲದವರೆಗೂ ಉಳಿದಿದೆ. ೨೦೧೭ನೆಯ ಆಗಸ್ಟ ೩೧ರಂದು ಭೇಂಡಿ ಬಾಜಾರದ ಪಾಕಮೋಡಿಯಾ ಬೀದಿಯಲ್ಲಿ ನೂರು ವರ್ಷ ದಾಟಿದ ಕಟ್ಟಡವೊಂದು ಕುಸಿದು ೩೩ ಜನರು ಮೃತರಾದರು.

ಸರಕಾರದ ಒಂದೊಂದು ಉಪಾಯವೂ ಒಂದೊಂದು ಹೊಸ ತೊಡಕನ್ನು ತಂದಿತು. ೧೯೭೩ರ ಫೆಬ್ರುವರಿ ೧ರಂದು ಪರವಾನಿಗೆಯ ಕರಾರಿನ ಮೇಲೆ ವಾಸವಾಗಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಭಾವಿಸತಕ್ಕದ್ದೆಂದು ತಿದ್ದುಪಡಿಯಾಯಿತು. ಅಂದಿನಿಂದ ಅನೇಕ ಒಡೆಯರು ಮನೆಗೆ ಬೀಗ ಹಾಕಿ ಖಾಲಿ ಇಟ್ಟರೇ ಹೊರತು ಪರರನ್ನು ಒಳಗೆ ಬಿಡಲು ಅಂಜಿದರು. ೧೯೮೬ರಲ್ಲಿ ಮತ್ತೊಂದು ತಿದ್ದುಪಡಿ ಬಂದಿತು. ಸೆಸ್ಸಿನ ಕಟ್ಟಡದ ನೂರಕ್ಕೆ ಎಪ್ಪತ್ತರಷ್ಟು ನಿವಾಸಿಗಳು ಕೂಡಿ ಕೇಳಿಕೊಂಡರೆ, ತಿಂಗಳ ಬಾಡಿಗೆಯ ನೂರು ಪಟ್ಟು ಹಣವನ್ನು ಮಾಲಿಕನಿಗೆ ಕೊಟ್ಟು ಕಟ್ಟಡವನ್ನು ಸ್ವಾಧೀನಪಡಿಸಿಕೊಳ್ಳಬಹುದೆಂದು ಅದರಲ್ಲಿ ವಿಧಿಸಲಾಯಿತು. ಹದಿನೆಂಟು ರೂಪಾಯಿಯ ಖೋಲಿಗೆ ಸಾವಿರದ ಎಂಟುನೂರು ರೂಪಾಯಿ! ಮಾಲಿಕರು ನ್ಯಾಯಾಲಯವನ್ನು ಹೊಕ್ಕರು. ಆ ವ್ಯಾಜ್ಯದಿಂದ ಎದ್ದ ಸಂವಿಧಾನದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಮುಂದೆ ಬಂದು ೨೦೨೪ನೆಯ ನವಂಬರ ೫ರಂದು ನಿರ್ಣಯವಾಯಿತು. ಖಾಸಗಿಯವರ ಸೊತ್ತೆಲ್ಲವೂ ಸಮಾಜದ ಭೌತಿಕ ಸಂಪತ್ತೆಂದು ಹೇಳಲಾಗದೆಂದು ಬಹುಮತದ ತೀರ್ಪು ಹೊರಟಿತು. ಮುಂಬಯಿಯ ಚಾಳಿನ ಬಾಡಿಗೆಯು ದೇಶದ ಸಂವಿಧಾನದ ವ್ಯಾಖ್ಯಾನಕ್ಕೆ ಕಾರಣವಾದುದು ಸೋಜಿಗವೇ ಸರಿ.

ಹಳೆಯ ಕಾಯಿದೆಗೆ ನಿಜವಾದ ಪೆಟ್ಟು ಬಿದ್ದುದು ಅದಕ್ಕೂ ಬಹಳ ಮೊದಲು, ೧೯೯೭ನೆಯ ಡಿಸೆಂಬರ ೧೯ರಂದು. ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆ ಎಂದು ಪ್ರಸಿದ್ಧವಾದ ಆ ತೀರ್ಪಿನ ಹೆಸರಿನಲ್ಲಿ ನಮ್ಮ ಕರಾವಳಿಯ ಮಲ್ಪೆಯು ಸೇರಿಕೊಂಡಿರುವುದನ್ನು ಕನ್ನಡಿಗರು ಗಮನಿಸದಿರಲಾರರು. ಮೊದಲು ನ್ಯಾಯವಾಗಿದ್ದ ಪ್ರಮಾಣ ಬಾಡಿಗೆಯ ಕಟ್ಟಳೆಯು ಕಾಲ ಕಳೆದಂತೆ ಅನ್ಯಾಯವಾಗಿ ಪರಿಣಮಿಸಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕಾಯಿದೆಯ ಅವಧಿಯು ಹೇಗೂ ೧೯೯೮ನೆಯ ಮಾರ್ಚ ೩೧ಕ್ಕೆ ಮುಗಿಯಲಿದ್ದುದರಿಂದ ಕೂಡಲೆ ರದ್ದುಪಡಿಸದೆ, ಹೊಸದನ್ನು ಮಾಡಲು ಸರಕಾರಕ್ಕೆ ಬಿಟ್ಟಿತು. ಹಾಗೆ ಹುಟ್ಟಿದ ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ೨೦೦೦ದ ಮಾರ್ಚ ೩೧ರಿಂದ ಜಾರಿಗೆ ಬಂದಿತು.

ಈ ಹೊಸ ಕಾಯಿದೆಯು ಕಟ್ಟನ್ನು ಕತ್ತರಿಸಲಿಲ್ಲ, ಅಲ್ಲಲ್ಲಿ ಗಂಟು ಬಿಚ್ಚಿತು. ಹಳೆಯ ಬಾಡಿಗೆಯ ಮೇಲೆ ನೂರಕ್ಕೆ ೫ರಷ್ಟನ್ನು ಕೂಡಿಸಿ, ಮುಂದೆ ಪ್ರತಿವರ್ಷ ನೂರಕ್ಕೆ ೪ರಂತೆ ಏರಿಸಬಹುದೆಂದಿತು. ಹದಿನೆಂಟು ರೂಪಾಯಿಯ ಖೋಲಿಗೆ ಈ ಲೆಕ್ಕದಲ್ಲಿ ಹತ್ತು ವರ್ಷಗಳಾದರೂ ಬಾಡಿಗೆ ಮೂವತ್ತಕ್ಕೆ ಮುಟ್ಟದು. ಮಾಲಿಕರಿಗೆ ಇದರಿಂದ ಏನು ತೃಪ್ತಿಯಾದೀತು? ಪಗಡಿಯು ಅಪರಾಧವಲ್ಲವೆಂದಾಯಿತು, ಕತ್ತಲೆಯಲ್ಲಿ ನಡೆಯುತ್ತಿದ್ದುದು ಬೆಳಕಿಗೆ ಬಂದಿತು. ನಿಯಂತ್ರಣವು ಸಂಪೂರ್ಣವಾಗಿ ಹೋದುದು ಒಂದು ವರ್ಗಕ್ಕೆ ಮಾತ್ರ: ಬ್ಯಾಂಕುಗಳು, ಸರಕಾರಿ ಉದ್ದಿಮೆಗಳು, ವಿದೇಶೀ ರಾಯಭಾರ ಕಚೇರಿಗಳು, ಒಂದು ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಬಂಡವಾಳವುಳ್ಳ ಕಂಪನಿಗಳು. ಕೋಟೆ ಪ್ರದೇಶದ ಕಚೇರಿಗಳನ್ನೂ ಸಮುದ್ರದಂಚಿನ ಬಂಗಲೆಗಳನ್ನೂ ಹಳೆಯ ಬಾಡಿಗೆಗೆ ಅನುಭವಿಸುತ್ತಿದ್ದ ಈ ಧನವಂತ ಸಂಸ್ಥೆಗಳು ಇನ್ನು ಪೇಟೆಯ ದರವನ್ನು ಕೊಡಬೇಕು, ಇಲ್ಲವೆ ಬಿಡಬೇಕು ಎಂದಾಯಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಿಂಗಡಣೆಯನ್ನು ಎತ್ತಿಹಿಡಿಯಿತು. ಇದರಲ್ಲಿ ಯಾರಿಗೂ ಅನ್ಯಾಯವಾಯಿತೆಂದು ನಮಗೆ ತೋರುವುದಿಲ್ಲ.

ಸಾಮಾನ್ಯ ಬಾಡಿಗೆದಾರರ ಮನೆಗಳಿಗೂ ಹೀಗೆ ಒಂದೇ ದಿನ ಕಟ್ಟನ್ನು ಕತ್ತರಿಸಿದ್ದರೆ ಏನಾಗುತ್ತಿದ್ದಿತು? ಊಹೆಗಿಂತ ಉದಾಹರಣೆಯು ಲೇಸು. ಅಂಥದೊಂದು ಊರು ಇದೆ, ಅಮೇರಿಕೆಯಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಲೋಕಪ್ರಸಿದ್ಧವಾದ ಕೇಂಬ್ರಿಜ್ ನಗರದಲ್ಲಿ ೧೯೭೦ರಿಂದ ಬಾಡಿಗೆ ನಿಯಂತ್ರಣವಿದ್ದಿತು. ೧೯೬೯ಕ್ಕಿಂತ ಹಿಂದೆ ಕಟ್ಟಿದ ಬಾಡಿಗೆಯ ಮನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿದ್ದಿತು. ಅಂಥವು ಊರಿನ ಮನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟಿದ್ದವು. ೧೯೯೪ನೆಯ ನವಂಬರದಲ್ಲಿ ಮೆಸಚೂಸೆಟ್ಸ್ ರಾಜ್ಯದ ಸಮಸ್ತ ಮತದಾರರ ಮುಂದೆ ಈ ಪ್ರಶ್ನೆಯನ್ನು ಇಡಲಾಯಿತು. ನಿಯಂತ್ರಣವಿದ್ದ ಕೇಂಬ್ರಿಜ್, ಬಾಸ್ಟನ್, ಬ್ರೂಕ್‌ಲೈನ್ ಈ ಮೂರು ಊರುಗಳ ಜನರು ಅದನ್ನು ಉಳಿಸಬೇಕೆಂದರು. ಅದಿಲ್ಲದ ಊರುಗಳವರು ಕೂಡಿ, ನೂರಕ್ಕೆ ೫೧ ಮತಗಳಿಂದ, ತೆಗೆಯಬೇಕೆಂದರು. ೧೯೯೫ರ ಆರಂಭದಿಂದ ಕಟ್ಟು ಹರಿಯಿತು. ಬಡವರಿಗೂ ವೃದ್ಧರಿಗೂ ಅಂಗವಿಕಲರಿಗೂ ಮಾತ್ರ ಒಂದೆರಡು ವರ್ಷಗಳ ಅವಕಾಶವಿದ್ದಿತು. ಊರವರು ಬೇಡವೆಂದರೂ ಹೊರಗಿನವರ ಎಣಿಕೆಯಿಂದ ಊರಿನ ವ್ಯವಸ್ಥೆ ಬದಲಾಗುವ ಅನುಭವವು ಗಡಿನಾಡಿನವರಾದ ನಮಗೆ ಅಪರಿಚಿತವೇನೂ ಅಲ್ಲ.

ಅಲ್ಲಿಯ ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಕ್ರಿಸ್ಟೋಫರ್ ಪಾಮರ್, ಪರಾಗ ಪಾಠಕ ಎಂಬವರು ೨೦೧೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದರ ಫಲವನ್ನು ಅಳೆದಿದ್ದಾರೆ. ನಂತರದ ಹತ್ತು ವರ್ಷಗಳಲ್ಲಿ ಕೇಂಬ್ರಿಜಿನ ಮನೆಗಳ ಒಟ್ಟು ಬೆಲೆ ೭೮೦ ಕೋಟಿ ಡಾಲರಿನಷ್ಟು ಏರಿತು. ಅದರಲ್ಲಿ ನಾಲ್ಕರಲ್ಲಿ ಒಂದು ಪಾಲು ನಿಯಂತ್ರಣವನ್ನು ತೆಗೆದುದರಿಂದ ಬಂದುದು. ಆಶ್ಚರ್ಯವಿರುವುದು ಇದರಲ್ಲಲ್ಲ. ಆ ಪಾಲಿನ ಹೆಚ್ಚಿನ ಭಾಗವು ಸೇರಿದುದು ಎಂದೂ ನಿಯಂತ್ರಣಕ್ಕೆ ಒಳಪಡದಿದ್ದ ಮನೆಗಳಿಗೆ! ಅಂದರೆ, ಪಕ್ಕದ ಮನೆಯ ಬಾಡಿಗೆಯ ಕಟ್ಟು ಬಿಚ್ಚಿದರೆ ನಮ್ಮ ಮನೆಯ ಬೆಲೆ ಏರುವುದು. ಹಳೆಯ ಬಾಡಿಗೆದಾರರು ಹೋಗಿ ಹೆಚ್ಚು ಕೊಡಬಲ್ಲವರು ಬಂದರು. ಅವರು ಬಂದುದರಿಂದ ಓಣಿಯ ಚಹರೆಯೇ ಬದಲಾಯಿತು. ಚಹರೆ ಬದಲಾದ ಓಣಿಗೆ ಇನ್ನೂ ಹೆಚ್ಚು ಕೊಡುವವರು ಬಂದರು. ಅವರೇ ೨೦೧೭ರಲ್ಲಿ ಹೊರತಂದ ಇನ್ನೊಂದು ಪ್ರಬಂಧದ ಮೇರೆಗೆ ಆ ಊರಿನಲ್ಲಿ ಅಪರಾಧಗಳೂ ನೂರಕ್ಕೆ ೧೬ರಷ್ಟು ಇಳಿದವು.

ಇವು ಒಪ್ಪತಕ್ಕ ಲೆಕ್ಕಗಳೇ. ನಿಯಂತ್ರಿತ ಮನೆಗಳಲ್ಲಿ ಇದ್ದವರೆಲ್ಲರೂ ಬಡವರಾಗಿರಲಿಲ್ಲವೆಂಬುದೂ ನಿಜ. ಮುಂಬಯಿಯಲ್ಲಿಯೂ ಮಲಬಾರ ಹಿಲ್ಲಿನ ವಿಶಾಲವಾದ ಮನೆಗಳಲ್ಲಿ ಹಳೆಯ ಬಾಡಿಗೆಯನ್ನು ಕೊಡುತ್ತಿದ್ದ ಶ್ರೀಮಂತರಿದ್ದರು. ಆದರೆ ಮನೆಯ ಬೆಲೆಯು ಮನೆಯೊಡನೆಯೇ ನಿಲ್ಲುವುದು, ಬಿಟ್ಟು ಹೋದವನು ಅದರ ಲೆಕ್ಕದಿಂದಲೇ ಹೊರಗಾಗುವನು. ಓಣಿಯು ಸುಧಾರಿಸಿತೆಂದು ಅಂಕಿಗಳು ಸಾರುವಾಗ, ಸುಧಾರಿಸಿದುದು ಅದೇ ಜನರ ಬಾಳೋ ಅಥವಾ ಜನರೇ ಬೇರೆಯೋ ಎಂದು ನಾವು ಕೇಳಬೇಕಾಗುವುದು.

ಮುಂಬಯಿಯಲ್ಲಿ ಕಟ್ಟು ಸಡಿಲಿದುದು ಬೇರೆಯ ದಾರಿಯಿಂದ. ಮುಂಬಾಗಿಲನ್ನು ತೆಗೆಯಲು ಧೈರ್ಯವಾಗದ ಸರಕಾರವು ಹಿತ್ತಿಲ ಬಾಗಿಲನ್ನು ತೆಗೆಯಿತು. ಬಾಡಿಗೆ ಕಾಯಿದೆಯನ್ನು ಮಾಡಿದ ೧೯೯೯ರಲ್ಲಿಯೇ ಕಟ್ಟಡದ ನಿಯಮಗಳನ್ನೂ ತಿದ್ದಲಾಯಿತು. ಸೆಸ್ಸಿನ ಹಳೆಯ ಕಟ್ಟಡವನ್ನು, ನೂರಕ್ಕೆ ಎಪ್ಪತ್ತು ನಿವಾಸಿಗಳ ಸಮ್ಮತಿ ಪಡೆದು, ಕೆಡವಿ ಕಟ್ಟುವವನು ಪ್ರತಿಯೊಬ್ಬ ಬಾಡಿಗೆದಾರನಿಗೂ ಕನಿಷ್ಠ ೨೨೫ ಚದರ ಅಡಿಯ ಮನೆಯನ್ನು ಪುಕ್ಕಟೆಯಾಗಿ, ಸ್ವಂತವಾಗಿ ಕೊಡಬೇಕೆಂದು ಆಗ ವಿಧಿಸಲಾಯಿತು. ಅದಕ್ಕೆ ಪ್ರತಿಯಾಗಿ ಮೇಲೆ ಹೆಚ್ಚಿನ ಅಂತಸ್ತುಗಳನ್ನು ಏರಿಸಿ ಮಾರಿಕೊಳ್ಳಬಹುದು. ಈ ಕನಿಷ್ಠವು ಮುಂದೆ ೩೦೦ ಚದರ ಅಡಿಯಾಯಿತು. ಬಾಡಿಗೆದಾರನು ಮನೆಯೊಡೆಯನಾಗುವುದರಿಂದ ಅಲ್ಲಿಗೆ ನಿಯಂತ್ರಣವೂ ತಾನಾಗಿ ಮುಗಿಯುವುದು. ಕೇಂಬ್ರಿಜಿನ ಬಾಡಿಗೆದಾರನು ಬರಿಗೈಯಲ್ಲಿ ಹೊರಟನು. ಮುಂಬಯಿಯವನ ಕೈಗೆ ಬೀಗದ ಕೈ ಬಂದಿತು. ಈ ಅಂತರವನ್ನು ಸಣ್ಣದೆನ್ನಲಾಗದು. ಸರಕಾರದ್ದೇ ಆದ ಬಿ.ಡಿ.ಡಿ. ಚಾಳುಗಳಲ್ಲಿ ೧೬೦ ಚದರ ಅಡಿಯವರಿಗೆ ೫೦೦ ಚದರ ಅಡಿಯ ಮನೆಗಳು ಗೊತ್ತಾಗಿ, ೨೦೨೫ನೆಯ ಆಗಸ್ಟದಲ್ಲಿ ವರಳಿಯ ಮೊದಲ ತಂಡದ ಕುಟುಂಬಗಳು ಬೀಗದ ಕೈಗಳನ್ನು ಪಡೆದವು.

ಆದರೂ ಓಣಿಯು ಓಣಿಯಾಗಿ ಉಳಿಯಲಿಲ್ಲ. ಎತ್ತಿನ ಗಾಡಿಗಳ ಕಾಲದಲ್ಲಿ ಬಿದ್ದ ರಸ್ತೆಯ ಮೇಲೆ ಮೂವತ್ತು ನಲವತ್ತು ಅಂತಸ್ತಿನ ಗೋಪುರಗಳು ಎದ್ದವು. ಸಾಮಾನ್ಯವಾಗಿ ಹಳಬರಿಗೆ ಒಂದು ಕಟ್ಟಡ, ಕೊಂಡು ಬಂದವರಿಗೆ ಇನ್ನೊಂದು. ಬಾಗಿಲುಗಳೂ ಬೇರೆ ಬೇರೆ. ಕಟ್ಟುವುದನ್ನು ನಡುವೆಯೇ ನಿಲ್ಲಿಸಿದ ಬಿಲ್ಡರುಗಳನ್ನು ನಂಬಿ ಟ್ರಾನ್ಸಿಟ್ ಕ್ಯಾಂಪುಗಳಲ್ಲಿ ದಶಕಗಳನ್ನೇ ಕಳೆದವರುಂಟು. ಗಿರಣಿಗಳ ಕಡೆ ಬದಲಾವಣೆಯು ಇನ್ನೂ ತೀವ್ರ. ೧೯೯೧ರ ನಿಯಮವನ್ನು ೨೦೦೧ರಲ್ಲಿ ಸಡಿಲಿಸಿದುದರಿಂದಲೂ, ೨೦೦೬ನೆಯ ಮಾರ್ಚದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾನ್ಯ ಮಾಡಿದುದರಿಂದಲೂ ಗಿರಣಿಯ ನೆಲದಲ್ಲಿ ಅಂಗಡಿಮಾಳಿಗೆಗಳೂ ಕಚೇರಿಗಳೂ ಎದ್ದವು. ಗಿರಣಿಯ ಒಂಟಿ ಕೆಲಸಗಾರರಿಗೆ ಅನ್ನ ಹಾಕುತ್ತಿದ್ದ ಹೆಂಗಸರ ಖಾನಾವಳಿಗಳು ಒಂದೊಂದಾಗಿ ಮುಚ್ಚಿದವು. ತಿನ್ನುವವರೇ ಇಲ್ಲವಾದ ಮೇಲೆ ಒಲೆ ಹೊತ್ತಿಸುವುದು ಯಾರಿಗಾಗಿ?

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾದುದಕ್ಕೂ ಇದಕ್ಕೂ ಸಂಬಂಧವುಂಟೆಂದು ನಾವು ನಂಬುತ್ತೇವೆ. ಅದೊಂದೇ ಕಾರಣವೆಂದರೆ ಮಾತ್ರ ಅಸತ್ಯವಾದೀತು. ಇಂಗ್ಲಿಷಿನ ಮೋಹವು ಬಾಡಿಗೆಯನ್ನು ಕೇಳಿ ಬರುವುದಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕವೇ ಇದಕ್ಕೆ ಸಾಕ್ಷಿ. ಆದರೆ ಕನ್ನಡ ಶಾಲೆಯು ನಡೆಯಬೇಕಾದರೆ ಹತ್ತಿರ ಹತ್ತಿರದ ನಾಲ್ಕು ಓಣಿಗಳಲ್ಲಿ ಕನ್ನಡದ ಮನೆಗಳಿರಬೇಕು. ಅವು ಒಂದು ಕಲ್ಯಾಣಕ್ಕೆ, ಒಂದು ವಿರಾರಕ್ಕೆ, ಒಂದು ಪನವೇಲಿಗೆ ಚೆದರಿದ ಮೇಲೆ ಮಗುವನ್ನು ಯಾವ ಶಾಲೆಗೆ ಕಳುಹಿಸುವುದು? ೧೯೨೬ರಲ್ಲಿ ಸ್ಥಾಪಿತವಾದ ಮಾಟುಂಗದ ಮೈಸೂರು ಅಸೋಸಿಯೇಶನ್, ೧೯೩೩ರಲ್ಲಿ ಹುಟ್ಟಿದ ಮಾಹೀಮಿನ ಕರ್ನಾಟಕ ಸಂಘ ಇಂಥವು ಉಳಿದಿವೆ. ಸಂಘಕ್ಕೆ ಹಬ್ಬಕ್ಕೊಮ್ಮೆ ರೈಲಿನಲ್ಲಿ ಹೋಗಿ ಬರಬಹುದು. ಒಂದನೆಯ ಇಯತ್ತೆಯ ಮಗು ಪ್ರತಿದಿನವೂ ನಡೆದೇ ಹೋಗಬೇಕು.

ಮಾವನವರ ಚಾಳಿನ ಕಥೆಯನ್ನು ಹೇಳಿ ಮುಗಿಸುತ್ತೇವೆ. ೨೦೦೩ರಲ್ಲಿ ನಿವಾಸಿಗಳು ಸಮ್ಮತಿಯ ಕಾಗದಕ್ಕೆ ರುಜು ಹಾಕಿದರು. ಎರಡು ವರ್ಷಗಳಲ್ಲಿ ಮನೆ ಕೊಡುತ್ತೇವೆಂದವರು ಏಳು ವರ್ಷ ಕಾಯಿಸಿದರು. ಕ್ಯಾಂಪಿನಲ್ಲಿ ನೀರು ತುಂಬಿದಾಗಲೆಲ್ಲ ಅತ್ತೆಯವರು ಹಳೆಯ ಗೆದ್ದಲಿ ಕಟ್ಟಿಗೆಯ ಮೆಟ್ಟಿಲುಗಳನ್ನೇ ಹೊಗಳುತ್ತಿದ್ದರು. ಕೊನೆಗೆ ಒಂಬತ್ತನೆಯ ಅಂತಸ್ತಿನಲ್ಲಿ ೨೨೫ ಚದರ ಅಡಿಯ ಮನೆ, ಒಳಗೇ ಶೌಚಗೃಹ, ಇಡೀ ದಿನ ನೀರು. ಅತ್ತೆಯವರು ಮೊದಲನೆಯ ದಿನ ನಲ್ಲಿಯನ್ನು ತಿರುಗಿಸಿ ಬಹಳ ಹೊತ್ತು ನೋಡುತ್ತ ನಿಂತರಂತೆ. ಆ ಸುಖವನ್ನು ಅಲ್ಲಗಳೆಯುವಷ್ಟು ನಾವು ಕೃತಘ್ನರಲ್ಲ. ಆದರೆ ಲಿಫ್ಟು, ಪಂಪು, ಕಾವಲು, ತೆರಿಗೆ ಎಂದು ತಿಂಗಳಿಗೆ ಬರುವ ಖರ್ಚಿನ ಚೀಟಿಯು ಎರಡು ಸಾವಿರವನ್ನು ದಾಟಿತು. ಕಾವಲುಗಾರಿಕೆಯ ಕೆಲಸವನ್ನೂ ಬಿಟ್ಟ ವೃದ್ಧರಿಗೆ ಅದು ಹೊರೆ. ಮನೆ ಸ್ವಂತದ್ದು, ಬಾಡಿಗೆಯಿಲ್ಲ. ಇರುವುದಕ್ಕೆ ಮಾತ್ರ ಕೈಯಲ್ಲಿ ಹಣವಿಲ್ಲ. ಆರು ವರ್ಷ ಎಳೆದು ೨೦೧೬ರಲ್ಲಿ ಮಾರಿದರು. ಬಂದ ಹಣವು, ನಿಜ ಹೇಳಬೇಕೆಂದರೆ, ಅವರು ಜನ್ಮದಲ್ಲಿ ಕಾಣದಷ್ಟು. ಮೂವರು ಮಕ್ಕಳಲ್ಲಿ ಪಾಲಾಗಿ ಹಿರಿಯವನು ಕಲ್ಯಾಣದಲ್ಲಿ ಮನೆ ಕೊಂಡನು, ನಡುವಿನವನು ಸೊಲ್ಲಾಪುರಕ್ಕೆ ಬಂದು ಅಂಗಡಿ ಹಾಕಿದನು, ಕಿರಿಯವನ ಪಾಲಿನಲ್ಲಿ ಮಾವನವರು ಊರಿನ ಮನೆಗೆ ಛಾವಣಿ ಹಾಕಿಸಿಕೊಂಡರು. ಅವರು ಕೆಟ್ಟರೆಂದು ಹೇಳಲು ನಮ್ಮ ನಾಲಗೆ ಏಳದು. ಚಾಳಿನ ಅರುವತ್ತು ಸಂಸಾರಗಳಲ್ಲಿ ಈಗ ಆ ಗೋಪುರದಲ್ಲಿ ಉಳಿದವರು ಹತ್ತು ಹನ್ನೆರಡು ಮನೆಯವರೆಂದು ಮಾವನವರು ಹೇಳುತ್ತಿದ್ದರು. ಮೊದಲು ಚಾಳಿನ ಅಂಗಳದಲ್ಲಿ ಕೂಡುತ್ತಿದ್ದ ಗಣಪತಿಯು ಈಗ ಮೋಟಾರುಗಳನ್ನು ನಿಲ್ಲಿಸುವ ಕಟ್ಟೆಯ ಮೇಲೆ ಕೂಡುವುದಂತೆ.

ಸೊಲ್ಲಾಪುರದ ಕಸಬಾ, ಸಾಖರ ಪೇಟೆ, ಮಂಗಳವಾರ ಪೇಟೆಗಳ ವಾಡೆಗಳಲ್ಲಿ ಹಳೆಯ ಬಾಡಿಗೆಗೆ ಇರುವ ನಮ್ಮ ಕನ್ನಡದ ಮನೆತನಗಳ ಬಾಗಿಲಿಗೂ ಈಗ ಕಟ್ಟುವವರು ನಕಾಶೆಗಳನ್ನು ಹಿಡಿದು ಬರತೊಡಗಿದ್ದಾರೆ. ಮುಂಬಯಿಯ ಸೆಸ್ಸಿನ ನಿಯಮ ಇಲ್ಲಿಗೆ ಇಲ್ಲ. ಅಲ್ಲಿ ಸಿಕ್ಕಂತೆ ಇಲ್ಲಿಯೂ ಪುಕ್ಕಟೆ ಮನೆ ಸಿಗುವುದೆಂದು ಬಾಯಿಮಾತಿನ ಮೇಲೆ ಖಾಲಿ ಮಾಡಿಕೊಟ್ಟವರನ್ನು ನಾವು ಬಲ್ಲೆವು. ೧೯೯೯ರ ಕಾಯಿದೆಯ ಪ್ರಕಾರ ಬಾಡಿಗೆಗೆ ರಸೀದಿ ಕೊಡುವುದು ಮಾಲಿಕನ ಕರ್ತವ್ಯ, ಕೇಳಿ ಪಡೆಯುವುದು ಬಾಡಿಗೆದಾರನ ಹಕ್ಕು. ಮಾವನವರು ತಮ್ಮ ರಸೀದಿಗಳನ್ನೆಲ್ಲ ಬಿಸ್ಕೀಟಿನ ತಗಡಿನ ಡಬ್ಬಿಯೊಂದರಲ್ಲಿ ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. ಚಾಳು ಕೆಡವುವ ಕಾಲಕ್ಕೆ ಪಕ್ಕದ ಖೋಲಿಯವರು ರಸೀದಿ ತೋರಿಸಲಾರದೆ ಎರಡು ವರ್ಷ ಕಚೇರಿಗೆ ಅಲೆದಾಗ, ಇವರ ಹೆಸರು ಮೊದಲನೆಯ ಪಟ್ಟಿಯಲ್ಲಿಯೇ ಬಂದುದು ಆ ಡಬ್ಬಿಯಿಂದ.